ತೂಕ ಇಳಿಸುವ ಇಂಜೆಕ್ಷನ್: ಮನಸ್ಸಿನ ಕಡೆಯಿಂದ ನೋಡಿದರೆ ಯಾವುದು ಯಾರಿಗೆ?

ಕಲಬುರಗಿಯಲ್ಲಿ ನನ್ನದೊಂದು ಮೆಡಿಕಲ್ ಅಂಗಡಿ ಇದೆ. ಇತ್ತೀಚೆಗೆ ಒಂದು ಬಗೆಯ ಗಿರಾಕಿ ಜಾಸ್ತಿಯಾಗಿದ್ದಾರೆ. ಮೊದಲು ಒಂದು ಕ್ರೋಸಿನ್ ಕೇಳುತ್ತಾರೆ. ಪಕ್ಕದವರು ಹೋಗುವ ತನಕ ಚಿಲ್ಲರೆ ಎಣಿಸುತ್ತಾ ನಿಲ್ಲುತ್ತಾರೆ. ಆಮೇಲೆ ದನಿ ಇಳಿಸಿ, "ಆ ತೆಳ್ಳಗಾಗೋ ಇಂಜೆಕ್ಷನ್ ಅದಾವೇನ್ರಿ?" ಅನ್ನುತ್ತಾರೆ.

ಹೋದ ತಿಂಗಳು ಇದೇ ಪ್ರಶ್ನೆ ಮನೆಯೊಳಗೇ ಬಂತು. ಕೇಳಿದ್ದು ನಮ್ಮ ವೈನಿ, ಅಂದರೆ ಅಣ್ಣನ ಹೆಂಡತಿ. ವಯಸ್ಸು ನಲವತ್ತನಾಲ್ಕು, ತೂಕ ತೊಂಬತ್ತೊಂದು ಕಿಲೋ, ಶುಗರ್ ಈಗಷ್ಟೇ ಗಡಿ ದಾಟಿದೆ. ಎರಡು ವರ್ಷದಿಂದ ರಾತ್ರಿ ಒಂದು ಮನಸ್ಸಿನ ಮಾತ್ರೆಯನ್ನೂ ತೆಗೆದುಕೊಳ್ಳುತ್ತಾರೆ. ಅದು ನಮ್ಮ ಮನೆಯಲ್ಲಿ ನಾಲ್ಕು ಜನಕ್ಕೆ ಮಾತ್ರ ಗೊತ್ತು. "ಯಾವ್ದು ಭಾಳ ಇಳಸ್ತದ, ಅಷ್ಟು ಹೇಳು ಸಾಕು" ಅಂದರು. ಅಷ್ಟು ಹೇಳಿದರೆ ಸಾಕಾಗುವುದಿಲ್ಲ ಅಂತ ನನಗನಿಸಿತು. ಅವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಡಾಕ್ಟರ್ ಅಲ್ಲ. ಯಾವುದು ನಿಮಗೆ ಅಂತ ಕೊನೆಗೆ ಹೇಳಬೇಕಾದವರು ಅವರೇ. ಆದರೆ ಡಾಕ್ಟರ ಮುಂದೆ ಕೂತಾಗ ಏನು ಕೇಳಬೇಕು ಅನ್ನುವುದು ಗೊತ್ತಿರಲಿ, ಅಲ್ವಾ?

ಮೊದಲು ಲೆಕ್ಕ ಮುಗಿಸೋಣ, ಎಲ್ಲರೂ ಕೇಳುವುದು ಅದನ್ನೇ. ಊಟವಾದ ಮೇಲೆ ನಮ್ಮ ಕರುಳು ಜಿಎಲ್‌ಪಿ-1 ಅನ್ನುವ ಹಾರ್ಮೋನು ಬಿಡುತ್ತದೆ. ಅದು ಹೊಟ್ಟೆ ನಿಧಾನವಾಗಿ ಖಾಲಿಯಾಗುವಂತೆ ಮಾಡುತ್ತದೆ, ಮಿದುಳಿಗೆ "ಸಾಕು" ಅನ್ನುತ್ತದೆ. ಈ ಔಷಧಿಗಳು ಅದೇ ಹಾರ್ಮೋನಿನ ವೇಷ ಹಾಕಿ ಬರುತ್ತವೆ. ಸೆಮಾಗ್ಲುಟೈಡ್ ವಾರಕ್ಕೊಂದು ಚುಚ್ಚು. ತೂಕಕ್ಕೆ ಕೊಡುವುದು ವೆಗೋವಿ, ಶುಗರ್‌ಗೆ ಕೊಡುವುದು ಒಜೆಂಪಿಕ್. ಟಿರ್ಜೆಪಟೈಡ್ ಕೂಡ ವಾರಕ್ಕೊಂದು. ಮೌಂಜಾರೋ ಅಂತ 2025ರ ಮಾರ್ಚ್‌ನಲ್ಲಿ ನಮ್ಮ ದೇಶಕ್ಕೆ ಬಂತು. ಇದು ಜಿಐಪಿ ಅನ್ನುವ ಇನ್ನೊಂದು ಹಾರ್ಮೋನಿನ ಕೆಲಸವನ್ನೂ ಮಾಡುತ್ತದೆ. ಲಿರಾಗ್ಲುಟೈಡ್ ಹಳೆಯದು, ದಿನಾ ಚುಚ್ಚಿಕೊಳ್ಳಬೇಕು. ಇನ್ನು ಸೆಮಾಗ್ಲುಟೈಡ್ ಮಾತ್ರೆ, ರೈಬೆಲ್ಸಸ್. ಇದನ್ನು ಇಲ್ಲಿ ಕೊಡುತ್ತಾ ಬಂದಿರುವುದು ಶುಗರ್‌ಗೆ.

ದೊಡ್ಡ ಪ್ರಯೋಗಗಳಲ್ಲಿ ಲಿರಾಗ್ಲುಟೈಡ್ 56 ವಾರದಲ್ಲಿ ಮೈತೂಕದ ಸುಮಾರು 8 ಶೇಕಡ ಇಳಿಸಿತು. ಸೆಮಾಗ್ಲುಟೈಡ್ 68 ವಾರದಲ್ಲಿ ಸುಮಾರು 15. ಟಿರ್ಜೆಪಟೈಡ್‌ನ ದೊಡ್ಡ ಡೋಸು 72 ವಾರದಲ್ಲಿ ಸುಮಾರು 21. ಇದು ಸರಾಸರಿ. ಕೆಲವರಿಗೆ ಇದಕ್ಕಿಂತ ಜಾಸ್ತಿ ಇಳಿಯುತ್ತದೆ, ಕೆಲವರಿಗೆ ಏನೂ ಇಳಿಯುವುದಿಲ್ಲ. ಇಷ್ಟಕ್ಕೇ ನಿಲ್ಲಿಸಿದರೆ ಎಲ್ಲರೂ ಮೌಂಜಾರೋ ಅನ್ನಬೇಕು. ವೈನಿಯೂ ಹಾಗೇ ಅಂದರು. "ಇಪ್ಪತ್ತೊಂದು ದೊಡ್ಡದಲ್ಲ?"

ಹೆದರಿಕೆ ಎಲ್ಲಿಂದ ಬಂತು

ತೂಕದ ಔಷಧಿ ಅಂದರೆ ಮನಸ್ಸು ಕೆಡುತ್ತದೆ ಅನ್ನುವ ಭಯ ಸುಮ್ನೆ ಹುಟ್ಟಿದ್ದಲ್ಲ. 2006ರಲ್ಲಿ ಯೂರೋಪಿನಲ್ಲಿ ರಿಮೊನಬಂಟ್ ಅನ್ನುವ ಮಾತ್ರೆ ಬಂದಿತ್ತು. ತೂಕ ಇಳಿಸುತ್ತಿತ್ತು, ನಿಜ. ಆದರೆ ತೆಗೆದುಕೊಂಡವರಲ್ಲಿ ಖಿನ್ನತೆ, ಆತಂಕ, ಸಾಯುವ ಯೋಚನೆ ಹೆಚ್ಚಾದವು. 2008ರಲ್ಲಿ ಅಲ್ಲಿ ಮಾರಾಟ ನಿಲ್ಲಿಸಿದರು, ಮರುವರ್ಷ ಭಾರತದಲ್ಲೂ ಬಂದ್ ಆಯಿತು. ಅದು ಕೆಲಸ ಮಾಡುತ್ತಿದ್ದ ದಾರಿಯೇ ಬೇರೆ. ಮಿದುಳಿನಲ್ಲಿ ಖುಷಿಗೆ ಸಂಬಂಧಪಟ್ಟ ಬಾಗಿಲೊಂದನ್ನೇ ಅದು ಮುಚ್ಚುತ್ತಿತ್ತು. ಈಗಿನ ಇಂಜೆಕ್ಷನ್‌ಗಳು ಆ ಜಾತಿಯವಲ್ಲ. ಆದರೂ ಒಮ್ಮೆ ಸುಟ್ಟ ಕೈ ನೋಡಿ.

2023ರ ಜುಲೈನಲ್ಲಿ ಐಸ್‌ಲ್ಯಾಂಡಿನಿಂದ ಮೂರು ದೂರು ಬಂದವು. ಈ ಇಂಜೆಕ್ಷನ್ ತೆಗೆದುಕೊಂಡವರಿಗೆ ಸಾಯುವ ಯೋಚನೆ, ಇಲ್ಲವೇ ತಮಗೆ ತಾವೇ ಗಾಯ ಮಾಡಿಕೊಳ್ಳುವ ಯೋಚನೆ ಬಂದಿತ್ತು. ಯೂರೋಪಿನ ಔಷಧ ಸಂಸ್ಥೆ ತಿಂಗಳುಗಟ್ಟಲೆ ತಪಾಸಣೆ ಮಾಡಿತು. ಇಂಜೆಕ್ಷನ್ನೇ ಕಾರಣ ಅನ್ನಲು ಪುರಾವೆ ಇಲ್ಲ ಅಂತ 2024ರ ಏಪ್ರಿಲ್‌ನಲ್ಲಿ ಹೇಳಿತು. ಅಮೆರಿಕದ ಔಷಧ ಸಂಸ್ಥೆ ಎಫ್‌ಡಿಎ 2024ರ ಜನವರಿಯಲ್ಲಿ ಅದೇ ಧಾಟಿಯಲ್ಲಿ ಮಾತಾಡಿತ್ತು. 2026ರ ಜನವರಿಯಲ್ಲಿ ವೆಗೋವಿಯಂಥ ತೂಕದ ಔಷಧಿಗಳ ಜೊತೆ ಬರುವ ಚೀಟಿಯಿಂದ ಸಾಯುವ ಯೋಚನೆಯ ಬಗ್ಗೆ ಇದ್ದ ಎಚ್ಚರಿಕೆಯನ್ನೇ ತೆಗೆಯಲು ಕಂಪನಿಗಳಿಗೆ ಹೇಳಿತು.

ಸರಿ, ಹಾಗಾದರೆ ಚಿಂತೆ ಇಲ್ಲವಾ? ಇಲ್ಲೇ ಒಂದು ಮಾತನ್ನು ಜನ ಬಿಟ್ಟುಬಿಡುತ್ತಾರೆ. ಸೆಮಾಗ್ಲುಟೈಡ್‌ನ ಆ ದೊಡ್ಡ ಪ್ರಯೋಗಕ್ಕೆ ಹಿಂದಿನ ಎರಡು ವರ್ಷದಲ್ಲಿ ತೀವ್ರ ಖಿನ್ನತೆ ಬಂದವರನ್ನು ಸೇರಿಸಿಕೊಂಡಿರಲಿಲ್ಲ. ಮೊದಲೇ ಮನಸ್ಸು ಗಟ್ಟಿ ಇದ್ದವರನ್ನು ಆರಿಸಿಕೊಂಡು, ಅವರಿಗೆ ಏನೂ ಆಗಲಿಲ್ಲ ಅಂತ ಹೇಳಿದ ಹಾಗೆ. ಆಸ್ಪತ್ರೆ ದಾಖಲೆಗಳಿಂದ ಮಾಡಿದ ದೊಡ್ಡ ಅಧ್ಯಯನಗಳೂ ಇವೆ. 2024ರಲ್ಲಿ ಬಂದ ಒಂದರಲ್ಲಿ ಎರಡು ಲಕ್ಷಕ್ಕಿಂತ ಹೆಚ್ಚು ಜನರ ದಾಖಲೆ ನೋಡಿದರು. ಸೆಮಾಗ್ಲುಟೈಡ್ ತೆಗೆದುಕೊಂಡವರಲ್ಲಿ ಸಾಯುವ ಯೋಚನೆಯ ದಾಖಲೆ ಬೇರೆ ತೂಕದ ಔಷಧಿಯವರಿಗಿಂತ ಕಡಿಮೆಯೇ ಇತ್ತು. ಒಳ್ಳೆಯ ಸುದ್ದಿ. ಆದರೆ ಲಕ್ಷ ಜನರ ಸರಾಸರಿ ನಮ್ಮ ವೈನಿಯ ರಾತ್ರಿ ಹೇಗಿರುತ್ತದೆ ಅಂತ ಹೇಳುವುದಿಲ್ಲ. ಭಯ ಬೇಡ, ಆದರೆ ಮನಸ್ಸಿನ ಕಾಯಿಲೆ ಇದ್ದವರು ಅದನ್ನು ಮುಚ್ಚಿಟ್ಟು ಇಂಜೆಕ್ಷನ್ ಶುರು ಮಾಡುವುದಂತೂ ಬೇಡವೇ ಬೇಡ. ನಾನು ತಿಳಿದುಕೊಂಡಿರುವುದು ಇಷ್ಟು.

ಬಿಟ್ಟ ಮೇಲೆ ಎಷ್ಟು ದಿನ ಮೈಯಲ್ಲಿರುತ್ತದೆ?

ಇವುಗಳ ನಡುವೆ ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಯಾರೂ ಕೇಳದ ಪ್ರಶ್ನೆಯೂ ಇದೇ.

ಶುರು ಮಾಡಿದ ಮೇಲೆ ಮನಸ್ಸು ಕುಗ್ಗಿತು ಅಂತಿಟ್ಟುಕೊಳ್ಳಿ. ಕಾರಣ ಇಂಜೆಕ್ಷನ್ನೋ, ಊಟ ಕಡಿಮೆಯಾದದ್ದೋ, ಮನೆಯ ಜಗಳವೋ ಗೊತ್ತಿಲ್ಲ. ಡಾಕ್ಟರು ನಿಲ್ಲಿಸಿ ನೋಡೋಣ ಅಂದರು. ನಿಲ್ಲಿಸಿದ ಮಾತ್ರಕ್ಕೆ ಔಷಧಿ ಮೈಯಿಂದ ಹೋಗುತ್ತದೆಯೇ? ಲಿರಾಗ್ಲುಟೈಡ್ ಸುಮಾರು ಹದಿಮೂರು ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ, ಮೂರು ದಿನದಲ್ಲಿ ಬಹುಪಾಲು ಖಾಲಿ. ಟಿರ್ಜೆಪಟೈಡ್ ಅರ್ಧಕ್ಕಿಳಿಯಲು ಐದು ದಿನ, ಪೂರ್ತಿ ಹೋಗಲು ಸುಮಾರು ಒಂದು ತಿಂಗಳು. ಸೆಮಾಗ್ಲುಟೈಡ್ ಅರ್ಧಕ್ಕೇ ಒಂದು ವಾರ, ಪೂರ್ತಿ ಹೋಗಲು ಐದರಿಂದ ಏಳು ವಾರ. ಮಾತ್ರೆ ಆದರೆ ಬೇಗ ಹೋಗಬಹುದು ಅಂತ ನೀವು ಅಂದುಕೊಂಡಿರುತ್ತೀರಿ. ಇಲ್ಲ. ರೈಬೆಲ್ಸಸ್ ಒಳಗಿರುವುದೂ ಸೆಮಾಗ್ಲುಟೈಡೇ. ದಿನಾ ನುಂಗಿದರೂ ಹೋಗುವಾಗ ಅದೇ ನಿಧಾನ.

ಹಾಗಾಗಿ ತೂಕದ ಲೆಕ್ಕದಲ್ಲಿ ಕೊನೆಗೆ ಬರುವ ಲಿರಾಗ್ಲುಟೈಡ್ ಈ ಲೆಕ್ಕದಲ್ಲಿ ಮೊದಲಿಗೆ ಬರುತ್ತದೆ. ಹಿಂದೆ ಮನಸ್ಸು ತುಂಬಾ ಕುಸಿದವರು ಡಾಕ್ಟರನ್ನು ನೇರವಾಗಿ ಕೇಳಬಹುದು: "ಬೇಗ ಹೊರಗೆ ಹೋಗುವ ಔಷಧಿಯಿಂದ ಶುರು ಮಾಡಬಹುದಾ?" ದಿನಾ ಚುಚ್ಚಿಕೊಳ್ಳುವ ಕಿರಿಕಿರಿ ಇದೆ. ಸೂಜಿ ಕಂಡರೆ ಬೆವರುವವರಿಗೆ ಅದೇ ಒಂದು ದೊಡ್ಡ ಚಿಂತೆ.

ವಾರದ ಇಂಜೆಕ್ಷನ್ ಆದರೆ ಡೋಸು ಏರಿಸುವ ಅವಸರ ಬೇಡ. ಸೆಮಾಗ್ಲುಟೈಡ್ 0.25 ಮಿಲಿಗ್ರಾಂನಿಂದ ಶುರುವಾಗಿ ನಾಲ್ಕು ನಾಲ್ಕು ವಾರಕ್ಕೆ ಏರಿ 2.4ಕ್ಕೆ ಹೋಗುತ್ತದೆ. ಟಿರ್ಜೆಪಟೈಡ್ 2.5ರಿಂದ ಶುರು, ಕೊನೆ 15. ಮೇಲಿನ ಮೆಟ್ಟಿಲು ಹತ್ತಲೇಬೇಕು ಅಂತ ಕಾನೂನಿಲ್ಲ. ಐದರಲ್ಲೇ ನೆಮ್ಮದಿಯಾಗಿದ್ದರೆ ಅಲ್ಲೇ ನಿಲ್ಲಿಸಬಹುದಾ ಅಂತ ಕೇಳಿ.

ನಿಮ್ಮದು ಯಾವ ಮನಸ್ಸು?

ಮನಸ್ಸಿಗೆ ಯಾವತ್ತೂ ಔಷಧಿ ಬೇಕಾಗದವರಿಗೆ ಹೆಚ್ಚು ಹೇಳುವುದಿಲ್ಲ. ಮೊದಲ ತಿಂಗಳು ವಾಕರಿಕೆ, ವಾಂತಿ, ಮಲಬದ್ಧತೆ ಬರುತ್ತವೆ. ಹೊಟ್ಟೆ ಸರಿ ಇಲ್ಲದಿದ್ದರೆ ಯಾರಿಗಾದರೂ ಸಿಡುಕು ಬಂದೇ ಬರುತ್ತದೆ. ಅದನ್ನು ಖಿನ್ನತೆ ಅಂತ ಗಾಬರಿಯಾಗಬೇಡಿ. ಎರಡು ವಾರ ದಾಟಿದರೂ ಯಾವುದರಲ್ಲೂ ಮನಸ್ಸಿಲ್ಲ, ನಿದ್ದೆ ಇಲ್ಲ ಅಂದರೆ ಆಗ ಹೇಳಿ. ಒಂದು ವಿಷಯ: ಶುಗರ್‌ಗೆ ಗ್ಲಿಮೆಪಿರೈಡ್ ಅಥವಾ ಇನ್ಸುಲಿನ್ ಇದ್ದವರಿಗೆ ಈ ಇಂಜೆಕ್ಷನ್ ಸೇರಿದರೆ ಶುಗರ್ ತೀರಾ ಇಳಿಯಬಹುದು. ಆಗ ಕೈ ನಡುಕ, ಬೆವರು, ಎದೆ ಡವಡವ. ನೋಡಿದರೆ ಥೇಟ್ ಆತಂಕದ ಹಾಗೇ. ಮೊದಲು ಗ್ಲುಕೋಮೀಟರ್ ಹಚ್ಚಿ ನೋಡಿ, ಆಮೇಲೆ ಮನಸ್ಸಿನ ಮಾತು.

ವೈನಿಯ ಹಾಗೆ ಖಿನ್ನತೆಗೆ ಮಾತ್ರೆ ತೆಗೆದುಕೊಳ್ಳುತ್ತಾ ಸ್ಥಿರವಾಗಿರುವವರಿಗೆ ದಾರಿ ಮುಚ್ಚಿಲ್ಲ. ಆದರೆ ಇಬ್ಬರು ಡಾಕ್ಟರಿಗೂ ಗೊತ್ತಿರಬೇಕು. ತೂಕ ಇಳಿಯುತ್ತಿದ್ದ ಹಾಗೆ ಖುಷಿಯಾಗಿ ಮನಸ್ಸಿನ ಮಾತ್ರೆಯನ್ನು ತಾವೇ ಬಿಡುವವರನ್ನು ನಾನು ಕೌಂಟರ್‌ನಲ್ಲಿ ನೋಡಿದ್ದೇನೆ. "ಈಗ ಛಲೋ ಅದೀನ್ರಿ, ಅದು ಬ್ಯಾಡ" ಅನ್ನುತ್ತಾರೆ. ಒಂದೆರಡು ತಿಂಗಳಿಗೆ ಮುಖ ಬಾಡಿಸಿಕೊಂಡು ಹಳೆ ಚೀಟಿ ಹಿಡಿದು ಬರುತ್ತಾರೆ. ತಪ್ಪು ಇಂಜೆಕ್ಷನ್ನಿನದ್ದಲ್ಲ, ಆದರೂ ಬೈಗುಳ ಅದಕ್ಕೇ. ಮನಸ್ಸು ಒಮ್ಮೆ ಅತಿಯಾಗಿ ಏರಿ ಒಮ್ಮೆ ಅತಿಯಾಗಿ ಇಳಿಯುವ ಬೈಪೋಲಾರ್ ಕಾಯಿಲೆಗೆ ಲಿಥಿಯಂ ತೆಗೆದುಕೊಳ್ಳುವವರು ಇನ್ನೂ ಹುಷಾರಾಗಿರಬೇಕು. ವಾಂತಿಯಾಗಿ ಮೈಯಲ್ಲಿ ನೀರು ಕಡಿಮೆಯಾದರೆ ರಕ್ತದಲ್ಲಿ ಲಿಥಿಯಂ ಏರಿ ವಿಷವಾಗಬಹುದು. ನಮ್ಮೂರಿನ ಏಪ್ರಿಲ್ ಬಿಸಿಲಲ್ಲಂತೂ ಕೇಳಲೇಬೇಡಿ.

ಕೆಲವರಿಗೆ ತೂಕ ಏರಿಸಿದ್ದೇ ಮನಸ್ಸಿನ ಮಾತ್ರೆ. ಒಲಾಂಜಪಿನ್, ಕ್ಲೋಜಪಿನ್ ತೆಗೆದುಕೊಳ್ಳುವವರಿಗೆ ಇದು ಚೆನ್ನಾಗಿ ಗೊತ್ತು. ಮಿರ್ಟಜಪಿನ್‌ನಿಂದಲೂ ಹಸಿವು ಏರುತ್ತದೆ. ಇಂಥವರು ಇಂಜೆಕ್ಷನ್ ಕೇಳುವ ಮೊದಲು ಮಾತ್ರೆ ಬದಲಿಸಬಹುದಾ, ಶುಗರ್ ಮಾತ್ರೆ ಮೆಟ್‌ಫಾರ್ಮಿನ್ ಸೇರಿಸಬಹುದಾ ಅಂತ ಮನೋವೈದ್ಯರನ್ನು ಕೇಳಲಿ. ಮೆಟ್‌ಫಾರ್ಮಿನ್ ತುಂಬಾ ಅಗ್ಗ. ಇಂಜೆಕ್ಷನ್ನಿನಷ್ಟು ತೂಕ ಇಳಿಸುವುದಿಲ್ಲ, ಆದರೆ ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಊಟದ ಜೊತೆಗೇ ಜಗಳ ಇರುವವರು ಇನ್ನೊಂದು ಗುಂಪು. ಇಲ್ಲಿ ಎರಡು ಕಡೆ ಇದೆ. ಹೊಟ್ಟೆ ತುಂಬಿದರೂ ತಿನ್ನುವುದನ್ನು ನಿಲ್ಲಿಸಲಾಗದೆ, ಆಮೇಲೆ ನಾಚಿಕೆಪಡುವವರಿಗೆ ಈ ಔಷಧಿ ನಿಜಕ್ಕೂ ನೆಮ್ಮದಿ ಕೊಡಬಹುದು. ತಲೆಯೊಳಗೆ ಇಡೀ ದಿನ ಊಟದ ಯೋಚನೆ ಗುಂಯ್‌ಗುಡುವುದು ನಿಲ್ಲುತ್ತದೆ ಅಂತ ತುಂಬಾ ಜನ ಹೇಳುತ್ತಾರೆ. ಆದರೆ ತಿನ್ನದೇ ಇರುವುದನ್ನೇ ಸಾಧನೆ ಅಂದುಕೊಂಡವರ ಕೈಗೆ, ತಿಂದು ವಾಂತಿ ಮಾಡಿಕೊಳ್ಳುವವರ ಕೈಗೆ ಇದು ಹೋಗಬಾರದು. ಹಸಿವೇ ಆಗದ ಹಾಗೆ ಮಾಡುವ ಔಷಧಿ ಅವರ ಕಾಯಿಲೆಗೇ ಬೆಂಬಲ ಕೊಟ್ಟ ಹಾಗೆ. ನನ್ನ ಬಳಿ ಚೀಟಿ ಇಲ್ಲದೆ ಬರುವವರಲ್ಲಿ ಹೆಣ್ಣು ನೋಡಲು ಬರುವ ಮೊದಲು ಆರು ಕಿಲೋ ಇಳಿಸಬೇಕು ಅನ್ನುವ ಹುಡುಗಿಯರೂ ಇರುತ್ತಾರೆ. ಜೊತೆಗೆ ಅವ್ವಂದಿರು. ಐವತ್ತೆಂಟು ಕಿಲೋ ಇರುವ ಹುಡುಗಿಗೆ ಇದು ಯಾಕೆ? ನಾನು ಕೊಡುವುದಿಲ್ಲ. ಇನ್ನೂ ಒಂದು ಕಾರಣ ಇದೆ. ಬಸಿರಾಗುವ ಯೋಚನೆ ಇದ್ದರೆ ಸೆಮಾಗ್ಲುಟೈಡನ್ನು ಎರಡು ತಿಂಗಳು ಮೊದಲೇ ಬಿಡಬೇಕು. ಟಿರ್ಜೆಪಟೈಡ್ ಗರ್ಭ ತಡೆಯುವ ಮಾತ್ರೆಯ ಬಲವನ್ನು ಕುಗ್ಗಿಸಬಹುದು.

ಕುಡಿಯುವವರ ಬಗ್ಗೆ ಒಂದು ಸಣ್ಣ ಮಾತು. 2025ರಲ್ಲಿ 48 ಜನರ ಮೇಲೆ ಮಾಡಿದ ಸಣ್ಣ ಪ್ರಯೋಗದಲ್ಲಿ ಸೆಮಾಗ್ಲುಟೈಡ್‌ನಿಂದ ಕುಡಿಯುವ ಆಸೆ ಸ್ವಲ್ಪ ಕಡಿಮೆಯಾಗಿತ್ತು. ಹಾಗಂತ ಕುಡಿತ ಬಿಡಿಸಲು ಇದನ್ನು ಕೇಳಬೇಡಿ. ಅದಕ್ಕೆ ಬೇರೆ ಔಷಧಿಗಳಿವೆ.

ಭಜ್ಜಿಯ ರುಚಿ ಮತ್ತು ಜನರ ಬಾಯಿ

ಪ್ರಯೋಗಗಳಲ್ಲಿ ಇದನ್ನು ಅಳೆಯುವುದು ಕಷ್ಟ. ನಮ್ಮ ಕಡೆ ಊಟ ಅಂದರೆ ಬರೀ ಹೊಟ್ಟೆಗಲ್ಲ. ಎಳ್ಳಮವಾಸಿಗೆ ಹೊಲಕ್ಕೆ ಹೋಗಿ ಭೂತಾಯಿಗೆ ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಮೇಲೆ ಕಾಳು-ಸೊಪ್ಪಿನ ಭಜ್ಜಿ ಹಾಕಿಕೊಂಡು, ಮೇಲೆ ಶೇಂಗಾ ಹಿಂಡಿ ಇಟ್ಟುಕೊಂಡು ಕೂತಾಗ ಎರಡನೇ ತುತ್ತಿಗೇ "ಸಾಕು" ಅನಿಸಿದರೆ? ಇಂಜೆಕ್ಷನ್ ತೆಗೆದುಕೊಳ್ಳುವ ಗಿರಾಕಿಯೊಬ್ಬರು, ಮೇಷ್ಟ್ರು, ಹೇಳಿದ್ದು: "ತೂಕ ಇಳದದ. ಆದ್ರ ಹಬ್ಬದಾಗ ನಾನೊಬ್ಬ ಪಾವಣ್ಯಾ ಆದಂಗ ಆಯ್ತ್ರಿ." ಪಾವಣ್ಯಾ ಅಂದರೆ ನೆಂಟ. ಅವರಿಗೆ ಖಿನ್ನತೆ ಇರಲಿಲ್ಲ. ಆದರೆ ಏನೋ ಒಂದು ಕಳೆದಿತ್ತು. ಕೆಲವರಿಗೆ ಇದು ಬಿಡುಗಡೆ ಅನಿಸುತ್ತದೆ, ಕೆಲವರಿಗೆ ಬದುಕಿನ ಉಪ್ಪು ಕಡಿಮೆಯಾದ ಹಾಗೆ ಅನಿಸುತ್ತದೆ. ನೀವು ಬೇಜಾರಾದಾಗ ಮಿರ್ಚಿ ಭಜಿ ತಿಂದು ಸಮಾಧಾನ ಮಾಡಿಕೊಳ್ಳುವವರಾ? ಹಾಗಾದರೆ ಆ ಸಮಾಧಾನಕ್ಕೆ ಇನ್ನೇನು ದಾರಿ ಅಂತ ಮೊದಲೇ ಯೋಚಿಸಿ.

ಇನ್ನು ಜನ. ಊರಲ್ಲಿ ದಪ್ಪಗಿದ್ದರೂ ಮಾತು, ಇಳಿದರೂ ಮಾತು. ಬೇಗ ತೂಕ ಇಳಿದರೆ ಮುಖ ಜೋತುಬೀಳುತ್ತದೆ. ಸೂಪರ್ ಮಾರ್ಕೆಟ್‌ನಲ್ಲಿ ಸಿಕ್ಕವರೆಲ್ಲ "ಯಾಕ್ರಿ ಸೊರಗೀರಿ, ಶುಗರ್ ಬಂತೇನು?" ಅಂತ ಕೇಳುತ್ತಾರೆ. ಟಿರ್ಜೆಪಟೈಡ್‌ನಲ್ಲಿ ಇಳಿಕೆ ಜಾಸ್ತಿ, ಹಾಗಾಗಿ ಈ ಪ್ರಶ್ನೆಯೂ ಜಾಸ್ತಿ. ನಗಬೇಡಿ, ಮಾತು ಚುಚ್ಚುವವರಿಗೆ ಇದು ಸಣ್ಣ ವಿಷಯ ಅಲ್ಲ. ಟಿರ್ಜೆಪಟೈಡ್ ಪರವಾಗಿಯೂ ಒಂದು ಮಾತು ಹೇಳಬೇಕು. ಗೊರಕೆ ಹೊಡೆಯುತ್ತಾ ನಿದ್ದೆಯಲ್ಲಿ ಉಸಿರು ಕಟ್ಟುವ ಕಾಯಿಲೆಗೆ 2024ರ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದೆ. ರಾತ್ರಿ ಸರಿಯಾಗಿ ನಿದ್ದೆ ಬಂದರೆ ಅರ್ಧ ಸಿಡುಕು ತಾನೇ ಹೋಗುತ್ತದೆ.

ಬಿಟ್ಟಾಗಿನ ಮನಸ್ಸಿನ ಬಗ್ಗೆ ಯಾರೂ ಎಚ್ಚರಿಸುವುದಿಲ್ಲ. ಸೆಮಾಗ್ಲುಟೈಡ್ ನಿಲ್ಲಿಸಿದ ಒಂದು ವರ್ಷದಲ್ಲಿ, ಇಳಿದ ತೂಕದ ಮೂರನೇ ಎರಡು ಭಾಗ ವಾಪಸ್ ಬಂದಿತ್ತು. ಇದು ಆ ಪ್ರಯೋಗದ ಮುಂದುವರಿಕೆಯಲ್ಲೇ ಕಂಡದ್ದು. ಜನ ಇದನ್ನು ತಮ್ಮ ಸೋಲು ಅಂದುಕೊಳ್ಳುತ್ತಾರೆ. ಸೋಲಲ್ಲ, ಔಷಧಿ ಹೋದ ಮೇಲೆ ಹಸಿವು ಮರಳಿತು, ಅಷ್ಟೇ. ಬಿಪಿ ಮಾತ್ರೆ ಬಿಟ್ಟರೆ ಬಿಪಿ ಏರುವುದಿಲ್ಲವೇ?

ಹಾಗಾಗಿ ದುಡ್ಡಿನ ಲೆಕ್ಕವೂ ಮನಸ್ಸಿನ ಲೆಕ್ಕವೇ. ಮೌಂಜಾರೋ ಬಂದಾಗ 2.5 ಮಿಲಿಗ್ರಾಂ ಬಾಟಲಿಗೆ 3,500 ರೂಪಾಯಿ, 5ಕ್ಕೆ 4,375. ಅದು ಒಂದು ವಾರಕ್ಕೆ. ಸೆಮಾಗ್ಲುಟೈಡ್‌ನ ಪೇಟೆಂಟ್ ಅವಧಿ ಇಲ್ಲಿ 2026ರ ಮಾರ್ಚ್‌ವರೆಗೆ ಮಾತ್ರ, ಆಮೇಲೆ ದೇಶಿ ಕಂಪನಿಗಳಿಗೂ ದಾರಿ. ಮೂರು ತಿಂಗಳಿಗೆ ಸಾಲ ಮಾಡಿ ನಾಲ್ಕನೇ ತಿಂಗಳು ಬಿಡುವುದಾದರೆ ಶುರು ಮಾಡದಿರುವುದೇ ಒಳ್ಳೆಯದು. ಎರಡು ವರ್ಷ ನಡೆಸಬಲ್ಲ ಬೆಲೆಯದನ್ನು ಆರಿಸಿ. ಅಗ್ಗ ಅಂತ ಇನ್‌ಸ್ಟಾಗ್ರಾಂನಲ್ಲಿ ತರಿಸಬೇಡಿ. 2024ರ ಜೂನ್‌ನಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ನಕಲಿ ಸೆಮಾಗ್ಲುಟೈಡ್ ಬಗ್ಗೆ ಎಚ್ಚರಿಕೆ ಕೊಟ್ಟಿತ್ತು.

ಫ್ರಿಜ್ ವಿಷಯ ಎರಡೇ ಸಾಲು. 2ರಿಂದ 8 ಡಿಗ್ರಿಯಲ್ಲಿ ಇಡಬೇಕು, ಫ್ರೀಜರ್ ಪಕ್ಕ ಅಲ್ಲ, ಒಮ್ಮೆ ಹೆಪ್ಪುಗಟ್ಟಿದರೆ ಎಸೆಯಬೇಕು. ಹೊರಗಿಡಬಹುದು ಅಂತ ಡಬ್ಬಿಯ ಮೇಲೆ ಬರೆದಿರುವುದು 30 ಡಿಗ್ರಿಯೊಳಗಿನ ಮಾತು, ಮೇ ತಿಂಗಳ ಕಲಬುರಗಿಯ ಮಾತಲ್ಲ. ಕರೆಂಟ್ ಹೋಗುವ ಹಳ್ಳಿಯವರು ತಿಂಗಳದ್ದು ಒಮ್ಮೆಲೇ ಒಯ್ಯಬೇಡಿ. ಮಾತ್ರೆಗೆ ಈ ತಲೆನೋವಿಲ್ಲ. ಆದರೆ ಬೆಳಗ್ಗೆ ಖಾಲಿ ಹೊಟ್ಟೆಯಲ್ಲಿ ಅರ್ಧ ಲೋಟ ನೀರಿನ ಜೊತೆ ನುಂಗಿ ಅರ್ಧ ಗಂಟೆ ಚಹಾ ಕುಡಿಯದೇ ಇರಬೇಕು. ನಮ್ಮ ಮನೆಯಲ್ಲಿ ಅದು ಯಾರಿಂದಲೂ ಆಗುವುದಿಲ್ಲ.

ಚುಚ್ಚದೇ ಇರುವುದೂ ಒಂದು ಆಯ್ಕೆ

ಈಗ ಮನಸ್ಸು ಕುಸಿದಿದ್ದರೆ, ಮನೆಯಲ್ಲಿ ಸಾವು ನೋವು ಆಗಿದ್ದರೆ, ಮನಸ್ಸಿನ ಮಾತ್ರೆ ಶುರುವಾಗಿ ತಿಂಗಳೂ ಆಗಿಲ್ಲದಿದ್ದರೆ, ಆರು ತಿಂಗಳು ಕಾಯುವುದರಲ್ಲಿ ತಪ್ಪಿಲ್ಲ. ಅಪ್ಪನ ಕೆರೆ ಸುತ್ತ ಬೆಳಗ್ಗೆ ನಡೆಯುವುದು ಇಂಜೆಕ್ಷನ್ನಿನಷ್ಟು ತೂಕ ಇಳಿಸುವುದಿಲ್ಲ. ಹಾಗಂತ ಸುಳ್ಳು ಹೇಳಲಾರೆ. ಆದರೆ ಮನಸ್ಸಿಗೆ ಅದರಿಂದ ಆಗುವ ಒಳ್ಳೆಯದಕ್ಕೆ ಚೀಟಿ ಬೇಡ. ಕಾಯುವ ಹೊತ್ತಿನಲ್ಲಿ ಥೈರಾಯ್ಡ್ ಮತ್ತು ಬಿ12 ನೋಡಿಸಿ. ತುಂಬಾ ವರ್ಷ ಮೆಟ್‌ಫಾರ್ಮಿನ್ ತಿಂದವರಲ್ಲಿ ಬಿ12 ಇಳಿದಿರಬಹುದು. ಸುಸ್ತು, ಬೇಜಾರಿಗೆ ಎಷ್ಟೋ ಸಲ ಅದೇ ಕಾರಣ.

ಶುರು ಮಾಡುವವರು ಮನೆಯಲ್ಲಿ ಒಬ್ಬರಿಗಾದರೂ ಹೇಳಿಡಿ. ಮನಸ್ಸು ಬದಲಾದದ್ದು ನಮಗಿಂತ ಮೊದಲು ಅವರಿಗೇ ಕಾಣುತ್ತದೆ. ಬದುಕೇ ಬೇಡ ಅನ್ನುವ ಯೋಚನೆ ಒಂದು ಸಲ ಬಂದರೂ ಮುಂದಿನ ಡೋಸ್ ಹಾಕಿಕೊಳ್ಳಬೇಡಿ, ಅವತ್ತೇ ಡಾಕ್ಟರಿಗೆ ಹೇಳಿ. ಸರ್ಕಾರದ ಮನಸ್ಸಿನ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ಇಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಬೆಂಗಳೂರು, ಹೈದರಾಬಾದಿಗೆ ಓಡುವ ಮೊದಲು ಅಲ್ಲಿ ಕೇಳಿ.

ವೈನಿ ಇದನ್ನೆಲ್ಲ ಕೇಳಿ ಸ್ವಲ್ಪ ಹೊತ್ತು ಸುಮ್ಮನಿದ್ದರು. ಮನೋವೈದ್ಯರ ಬಳಿ ಮೊದಲು ಹೋಗುವುದು, ಆಮೇಲೆ ಶುಗರ್ ಡಾಕ್ಟರು ಅಂತಾಯಿತು. ಇಪ್ಪತ್ತೊಂದರ ಮಾತು ಬಿಟ್ಟರು. ಕ್ಯಾಲೆಂಡರಿನ ಹಿಂದೆ ಪ್ರಶ್ನೆಗಳನ್ನು ಬರೆದುಕೊಂಡರು: ಬೇಗ ಹೋಗೋದು ಯಾವುದು, ಸಣ್ಣ ಡೋಸ್‌ನಲ್ಲೇ ನಿಲ್ಲಬಹುದಾ, ರಾತ್ರಿ ಮಾತ್ರೆ ಮುಂದುವರಿಸಬೇಕಾ. ಕೊನೆಗೆ ಒಂದು ಸಾಲು ಸೇರಿಸಿ ನನ್ನ ಮುಂದೆ ಹಿಡಿದರು. "ಎಳ್ಳಮವಾಸಿ ಆದ ಮ್ಯಾಲ ಸುರು ಮಾಡಿದ್ರ ನಡೀತದೇನು?"